ಕಂಪ್ರೆಷನ್ ಸ್ಲೀವ್: ಎಂಟು ತಿಂಗಳು ತೊಟ್ಟ ಮೇಲೆ

ಸ್ತನ ಕ್ಯಾನ್ಸರ್ ಚಿಕಿತ್ಸೆಯಲ್ಲಿ ನನ್ನ ಎಡ ಕಂಕುಳಿನಿಂದ 17 ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು 14 ತಿಂಗಳಾಯಿತು. ಕೈ ಊದಿಕೊಳ್ಳಲು ಶುರುವಾದ ಮೇಲೆ, ಅಂದರೆ ಈಚಿನ ಎಂಟು ತಿಂಗಳಲ್ಲಿ, ಎರಡು ಬಗೆಯ ಕಂಪ್ರೆಷನ್ ಸ್ಲೀವ್, ಅಂದರೆ ಊತ ತಗ್ಗಿಸಲು ತೋಳಿಗೆ ತೊಡುವ ಬಿಗಿಯಾದ ಉಡುಪು, ಬಳಸಿದ್ದೇನೆ. ಮೊದಲನೆಯದು ಸಿದ್ಧ ಅಳತೆಯದು, ಎರಡನೆಯದು ನನ್ನ ಕೈಯ ಅಳತೆಗೇ ಹೆಣೆಸಿದ್ದು. ಒಂದು ನನಗೆ ತೊಂದರೆ ಕೊಟ್ಟಿತು, ಇನ್ನೊಂದು ಕೈಯನ್ನು ಕೆಲಸಕ್ಕೆ ಮರಳಿಸಿತು. ಈ ವ್ಯತ್ಯಾಸಕ್ಕೆ ಬಟ್ಟೆಗಿಂತ ಹೆಚ್ಚಾಗಿ ಅಳತೆ ತೆಗೆದವರ ಕೈಯೇ ಕಾರಣವೆಂದು ನನಗೆ ಮನವರಿಕೆಯಾಗಿದೆ.

ಶಸ್ತ್ರಚಿಕಿತ್ಸೆಯ ನಂತರದ ಮೊದಲ ವಾರಗಳಲ್ಲಿ ಸ್ಲೀವಿನ ಯೋಚನೆಯೇ ಇರಲಿಲ್ಲ. ಗಾಯದಿಂದ ನಳಿಕೆಯ ಮೂಲಕ ಡ್ರೈನ್ ಬಾಟಲಿಯಲ್ಲಿ ಸೇರಿದ ದ್ರವವನ್ನು ಅಳೆದು ಬರೆದಿಡುವುದು, ಅದು 24 ಗಂಟೆಗೆ 30 ಮಿಲಿಲೀಟರಿಗಿಂತ ಕಡಿಮೆಯಾಗುವುದನ್ನು ಕಾಯುವುದು, ನಳಿಕೆ ತೆಗೆದ ಮೇಲೆ ಗೋಡೆಗೆ ಬೆರಳು ಊರಿ ದಿನಕ್ಕಿಷ್ಟು ಎಂದು ಕೈಯನ್ನು ಮೇಲೇರಿಸುವುದು, ಇದರಲ್ಲೇ ದಿನಗಳು ಕಳೆದವು. ತೋಳಿನ ಒಳಬದಿ ಜೋಮು ಹಿಡಿದಂತಿತ್ತು. ಕಂಕುಳಿನಲ್ಲಿ ಹಾದುಹೋಗುವ ಸ್ಪರ್ಶನರಕ್ಕೆ ಪೆಟ್ಟಾದರೆ ಹೀಗಾಗುತ್ತದೆ, ಕೆಲವರಲ್ಲಿ ಅದು ಪೂರ್ತಿ ಹೋಗುವುದೇ ಇಲ್ಲ. ನನ್ನದು ಈಗಲೂ ಅಂಗೈಯಗಲದಷ್ಟು ಉಳಿದಿದೆ. ಮೂರನೆಯ ವಾರದಲ್ಲಿ ಕೈ ಎತ್ತಿದಾಗ ಕಂಕುಳಿನಿಂದ ಮೊಣಕೈವರೆಗೆ ಚರ್ಮದಡಿಯಲ್ಲಿ ತಂತಿ ಬಿಗಿದಂತೆ ಕಾಣಿಸಿ ನಿಜಕ್ಕೂ ಹೆದರಿದ್ದೆ. ಕಾರ್ಡಿಂಗ್ ಎಂದು ಕರೆಯುವ ಇದು ಹಲವರಿಗೆ ಬರುವಂಥದ್ದೇ ಎಂದು ಯಾರಾದರೂ ಮೊದಲೇ ಹೇಳಿದ್ದರೆ ಎರಡು ರಾತ್ರಿಯ ನಿದ್ದೆ ಉಳಿಯುತ್ತಿತ್ತು. ಹಿಗ್ಗಿಸುವ ವ್ಯಾಯಾಮದಿಂದ ಅದು ನಿಧಾನವಾಗಿ ಸಡಿಲಗೊಂಡಿತು.

ಊತ ಬಂದದ್ದು ರೇಡಿಯೇಷನ್ ಮುಗಿದ ಮೇಲೆ. ಕೈಗಡಿಯಾರದ ಪಟ್ಟಿಯನ್ನು ಎಂದಿನ ತೂತಿಗೆ ಸಿಕ್ಕಿಸಲು ಆಗಲಿಲ್ಲ. ಮುಂದಿನ ತೂತಿಗೆ ಸಿಕ್ಕಿಸಿದರೂ ಸಂಜೆಯ ಹೊತ್ತಿಗೆ ಪಟ್ಟಿಯ ಗುರುತು ಮಣಿಕಟ್ಟಿನ ಸುತ್ತ ಆಳವಾಗಿ ಮೂಡಿರುತ್ತಿತ್ತು. ಕಂಕುಳಿನ ಗ್ರಂಥಿಗಳನ್ನು ಹೀಗೆ ಗುಂಪಾಗಿ ತೆಗೆಸಿಕೊಂಡವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ಲಿಂಫೆಡೀಮಾ, ಅಂದರೆ ದುಗ್ಧರಸ ಕಟ್ಟಿಕೊಂಡು ಬರುವ ಊತ, ಬರುತ್ತದೆ. ಸ್ತನದ ದುಗ್ಧರಸ ಮೊದಲು ತಲುಪುವ ಕೆಲವೇ ಗ್ರಂಥಿಗಳನ್ನು (ಸೆಂಟಿನೆಲ್ ಗ್ರಂಥಿಗಳು) ಮಾತ್ರ ತೆಗೆದಿದ್ದರೆ ಈ ಸಾಧ್ಯತೆ ಇಪ್ಪತ್ತರಲ್ಲಿ ಒಬ್ಬರ ಆಸುಪಾಸಿಗೆ ಇಳಿಯುತ್ತದೆ. ದುಗ್ಧರಸ ಹರಿದುಹೋಗುವ ದಾರಿಗಳು ಕಡಿಮೆಯಾಗಿರುವುದರಿಂದ ಪ್ರೋಟೀನ್ ತುಂಬಿದ ದ್ರವ ಅಂಗಾಂಶದಲ್ಲೇ ನಿಲ್ಲುತ್ತದೆ, ರೇಡಿಯೇಷನ್ ಉಳಿದ ದಾರಿಯನ್ನೂ ಬಿಗಿಗೊಳಿಸಬಲ್ಲದು.

ಮೊದಲ ಸ್ಲೀವನ್ನು ವೈದ್ಯಕೀಯ ಸಾಮಗ್ರಿಗಳ ಒಂದು ಅಂಗಡಿಯಲ್ಲಿ ಕೊಂಡೆ. ಕೈ ಅತ್ಯಂತ ಊದಿರುವ ಸಂಜೆಯ ಹೊತ್ತಿನಲ್ಲಿ, ಅಂಗಿಯ ಮೇಲಿಂದಲೇ, ಮಣಿಕಟ್ಟು ಮತ್ತು ರಟ್ಟೆ ಎರಡೇ ಕಡೆ ಅಳೆದು ‘ಮೀಡಿಯಂ ಸಾಕು’ ಎಂದರು. ಅಂಗೈಗೆ ಏನಾದರೂ ಬೇಕೇ ಎಂದು ಅವರು ಕೇಳಲಿಲ್ಲ, ಕೇಳಬೇಕೆಂದು ನನಗೂ ತಿಳಿದಿರಲಿಲ್ಲ. ನಾಲ್ಕೇ ದಿನಗಳಲ್ಲಿ ಅದರ ಮೇಲಂಚು ಸುರುಳಿಗಟ್ಟಿ ರಟ್ಟೆಗೆ ಹಗ್ಗ ಬಿಗಿದಂತಾಯಿತು. ತೋಳಿನ ಊತ ಸ್ವಲ್ಪ ತಗ್ಗಿತು, ಆದರೆ ಒತ್ತಡಕ್ಕೆ ಸಿಕ್ಕ ದ್ರವ ಮುಂಗೈಗೆ ಇಳಿದು ಗೆಣ್ಣುಗಳೇ ಕಾಣದಂತೆ ಬೆರಳುಗಳು ಉಬ್ಬಿದವು. ಆದರೂ ದಿನ ಕಳೆದರೆ ಸರಿಹೋದೀತೆಂದು ಆರು ವಾರ ಸಹಿಸಿಕೊಂಡೆ. ಅದು ತಪ್ಪು. ಸ್ಲೀವ್ ನೋಯಿಸಬಾರದು, ಬೆರಳ ಬಣ್ಣ ಬದಲಿಸಬಾರದು. ಹಾಗಾದರೆ ತಕ್ಷಣ ಕಳಚಬೇಕು.

ಕೊನೆಗೆ ಲಿಂಫೆಡೀಮಾದಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಒಬ್ಬರ ಬಳಿ ಹೋದೆ. ಅವರು ಮೊದಲ ದಿನ ಸ್ಲೀವಿನ ಮಾತನ್ನೇ ಎತ್ತಲಿಲ್ಲ. ಊದಿದ ಕೈಗೆ ಅಳತೆ ತೆಗೆದರೆ ಊತದ ಅಳತೆಗೇ ಸ್ಲೀವ್ ಬರುತ್ತದೆ ಎಂದು ವಿವರಿಸಿ, ಎರಡು ವಾರ ಪದರ ಪದರವಾಗಿ ಬ್ಯಾಂಡೇಜ್ ಸುತ್ತಿ, ಹಗುರವಾದ ಮಸಾಜ್ ಮಾಡಿ ಕೈ ಇಳಿಯುವವರೆಗೆ ಕಾದರು. ಅಳತೆಯ ದಿನ ಬೆಳಿಗ್ಗೆಯೇ ಬರಹೇಳಿ, ಮಣಿಕಟ್ಟಿನಿಂದ ಕಂಕುಳಿನವರೆಗೆ ನಾಲ್ಕು ಸೆಂಟಿಮೀಟರಿಗೊಂದರಂತೆ ಪೆನ್ನಿನಿಂದ ಚುಕ್ಕೆ ಇಟ್ಟು, ಪ್ರತಿ ಚುಕ್ಕೆಯಲ್ಲೂ ಸುತ್ತಳತೆ ತೆಗೆದರು. ‘ಟೇಪನ್ನು ಎಳೆಯಬಾರದು ಮೇಡಂ, ಚರ್ಮಕ್ಕೆ ತಾಗಿದರೆ ಸಾಕು’ ಎನ್ನುತ್ತಾ, ಅನುಮಾನ ಬಂದ ಕಡೆ ಮತ್ತೆ ಅಳೆದರು. ಐದೂ ಬೆರಳುಗಳ ಬುಡವನ್ನು ಬೇರೆ ಬೇರೆಯಾಗಿ ಅಳೆದರು. ಮುಕ್ಕಾಲು ಗಂಟೆ ಹಿಡಿಯಿತು.

ಹಾಗೆ ಬಂದದ್ದು ಫ್ಲಾಟ್ ನಿಟ್ ಸ್ಲೀವ್ ಮತ್ತು ಜೊತೆಗೊಂದು ಕೈಗವಸು, ಒತ್ತಡ 18ರಿಂದ 21 ಮಿಲಿಮೀಟರ್ ಪಾದರಸ. ಸಿದ್ಧ ಅಳತೆಯದು ಕೊಳವೆಯಂತೆ ಸುತ್ತಿ ಹೆಣೆದ ತೆಳು ಬಟ್ಟೆಯಾಗಿತ್ತು. ಇದನ್ನು ಹಾಳೆಯಂತೆ ಹೆಣೆದು ಉದ್ದಕ್ಕೆ ಹೊಲಿದಿದ್ದಾರೆ, ಬಟ್ಟೆ ದಪ್ಪ ಮತ್ತು ಗಡುಸು. ಕೈಯ ಆಕಾರ ಎಲ್ಲಿ ಹಿಗ್ಗುತ್ತದೆ, ಎಲ್ಲಿ ಕುಗ್ಗುತ್ತದೆ ಎಂಬುದನ್ನು ಅನುಸರಿಸುವುದರಿಂದ ಮಡಿಕೆಯಲ್ಲಿ ಕೊರೆಯುವುದಿಲ್ಲ. ಒತ್ತಡ ಮಣಿಕಟ್ಟಿನಲ್ಲಿ ಹೆಚ್ಚು, ಮೇಲೆ ಹೋದಂತೆ ಕಡಿಮೆ. ಕೈ ಆಡಿಸುವಾಗ ಸ್ನಾಯು ಒಳಗಿನಿಂದ, ಬಟ್ಟೆ ಹೊರಗಿನಿಂದ ಒತ್ತಿ ದ್ರವವನ್ನು ಮೇಲಕ್ಕೆ ತಳ್ಳುತ್ತವೆ. ಆದ್ದರಿಂದ ಸ್ಲೀವ್ ತೊಟ್ಟು ಸುಮ್ಮನೆ ಕುಳಿತರೆ ಅದರ ಅರ್ಧ ಪ್ರಯೋಜನವೂ ಸಿಗುವುದಿಲ್ಲ. ಆ ಕೈಯಲ್ಲಿ ಭಾರ ಎತ್ತಲೇಬಾರದೆಂಬ ಹಳೆಯ ಎಚ್ಚರಿಕೆ ಈಗ ಉಳಿದಿಲ್ಲ. ನಾನು ಥೆರಪಿಸ್ಟ್ ಹೇಳಿದಂತೆ ಅರ್ಧ ಕಿಲೋದಿಂದ ಆರಂಭಿಸಿ ನಿಧಾನವಾಗಿ ಹೆಚ್ಚಿಸಿಕೊಂಡಿದ್ದೇನೆ. ಮೊಣಕೈ ಕೆಳಗೆ ಎರಡು ಕೈಗಳ ಸುತ್ತಳತೆಯ ಅಂತರ 2.8 ಸೆಂಟಿಮೀಟರ್ ಇದ್ದದ್ದು ಈಗ 1.2ಕ್ಕೆ ಬಂದಿದೆ.

ದೂರುಗಳೂ ಇವೆ. ತೊಡುವುದು ಶ್ರಮದ ಕೆಲಸ. ರಬ್ಬರ್ ಕೈಗವಸು ಹಾಕಿಕೊಂಡು ಬಟ್ಟೆಯನ್ನು ಹಂತಹಂತವಾಗಿ ಸವರುತ್ತಾ ಮೇಲೇರಿಸಬೇಕು, ಹಚ್ಚಿದ ಕ್ರೀಮ್ ಒಣಗಿರದಿದ್ದರೆ ಅದು ಅಲುಗುವುದೇ ಇಲ್ಲ. ಸೆಕೆಯಲ್ಲಿ ಮೊಣಕೈ ಮಡಿಕೆ ತುರಿಸುತ್ತದೆ. ಕೈ ತೊಳೆದಾಗಲೆಲ್ಲ ಕೈಗವಸು ತೆಗೆಯಬೇಕು, ಇದಕ್ಕೆ ನಾನು ಇನ್ನೂ ಒಗ್ಗಿಕೊಂಡಿಲ್ಲ. ದಿನವೂ ಒಗೆಯಬೇಕಾದ್ದರಿಂದ ಒಂದು ಜೊತೆ ಸಾಲದು, ಎರಡು ಬೇಕೇ ಬೇಕು. ಬಿಗಿ ಸಡಿಲವಾಗುವುದರಿಂದ ಆರು ತಿಂಗಳಿಗೊಮ್ಮೆ ಬದಲಿಸಬೇಕು. ರಾತ್ರಿ ಇದನ್ನು ಕಳಚಿಡುತ್ತೇನೆ, ಹಗಲಿನ ಸ್ಲೀವ್ ನಿದ್ದೆಗೆ ಮಾಡಿದ್ದಲ್ಲ.

ಇದು ಊತವನ್ನು ಹತೋಟಿಯಲ್ಲಿಡುತ್ತದೆಯೇ ಹೊರತು ಲಿಂಫೆಡೀಮಾವನ್ನು ಗುಣಪಡಿಸುವುದಿಲ್ಲ. ಕೈ ಇದ್ದಕ್ಕಿದ್ದಂತೆ ಕೆಂಪೇರಿ ಬಿಸಿಯಾದರೆ, ಜ್ವರ ಬಂದರೆ, ಅದು ಸೋಂಕಿನ ಲಕ್ಷಣ. ಆಗ ಸ್ಲೀವ್ ತೆಗೆದು ಅಂದೇ ವೈದ್ಯರನ್ನು ಕಾಣಬೇಕು.

ಕಳೆದ ವಾರ ಹೊಸ ಜೊತೆಗಾಗಿ ಮತ್ತೆ ಅಳತೆ ಕೊಟ್ಟು ಬಂದೆ. ಹಳೆಯ ಚೀಟಿ ಇದ್ದರೂ ಥೆರಪಿಸ್ಟ್ ಅದನ್ನು ನಕಲು ಮಾಡದೆ ಮೊದಲಿನಿಂದಲೇ ಚುಕ್ಕೆ ಇಟ್ಟರು. ಮಣಿಕಟ್ಟು ಅರ್ಧ ಸೆಂಟಿಮೀಟರ್ ಸಣ್ಣದಾಗಿತ್ತು. ಬರೆಯುವಾಗ ಪೆನ್ನು ಜಾರುತ್ತದೆ ಎಂದು ನಾನು ಹೇಳಿದಾಗ ಹೆಬ್ಬೆರಳು ಮತ್ತು ತೋರುಬೆರಳಿನ ಕಡೆ ಗವಸಿನ ಉದ್ದವನ್ನು ಒಂದು ಗೆಣ್ಣಿನಷ್ಟು ತಗ್ಗಿಸಿ ಬರೆದುಕೊಂಡರು.