ಹವಳ ಬೆಳ್ಳಗಾಗಿದೆ: ಬಣ್ಣ ಹೋಯ್ತಾ, ಮಾಂಸವೇ ಹೋಯ್ತಾ?

ಕಲಬುರಗಿಯ ಮೇ ತಿಂಗಳು. ಕರೆಂಟ್ ಹೋಗಿ, ಜೀವಂತ ಹವಳ ಸಾಕಿರುವ ನಮ್ಮ ಉಪ್ಪುನೀರಿನ ತೊಟ್ಟಿ 31 ಡಿಗ್ರಿ ಮುಟ್ಟಿತು. ಮರುದಿನ ನೋಡಿದರೆ ಹವಳದ ಒಂದು ಕೊಂಬೆ ಬೆಳ್ಳಗೆ! ಈಗ ಕಾಯಬೇಕಾ, ಕತ್ತರಿಸಬೇಕಾ?

ಬೆಳ್ಳಗಾಗುವುದರಲ್ಲಿ ಎರಡು ಬಗೆ. ಒಂದರಲ್ಲಿ ಹವಳದೊಳಗಿನ ಸೂಕ್ಷ್ಮ ಪಾಚಿ ಹೊರಬೀಳುತ್ತದೆ. ಬಣ್ಣ ಹೋಗುತ್ತದೆ, ಮಾಂಸ ಉಳಿಯುತ್ತದೆ. ಇನ್ನೊಂದರಲ್ಲಿ ಮಾಂಸವೇ ಕಳಚಿ ಒಳಗಿನ ಸುಣ್ಣ ಕಾಣುತ್ತದೆ. ದೂರದಿಂದ ಎರಡೂ ಒಂದೇ ಥರ, ಅದೇ ತೊಂದರೆ.

ರಾತ್ರಿ ಟಾರ್ಚ್ ಹಿಡಿದು ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ. ಬರೀ ಬಣ್ಣ ಹೋಗಿದ್ದರೆ ಗಾಜಿನಂಥ ತೆಳು ಪದರ, ಪುಟ್ಟ ಬಾಯಿಗಳು ಕಾಣುತ್ತವೆ. ಮಾಂಸ ಹೋಗಿದ್ದರೆ ಒರಟು ಸುಣ್ಣವಷ್ಟೇ. ಜೀವ ಇರುವ ಭಾಗಕ್ಕೂ ಅದಕ್ಕೂ ನಡುವೆ ಗೆರೆ ಎಳೆದಂತಿರುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಆ ಗೆರೆಯ ಮೇಲೆ ಮೆಲ್ಲಗೆ ನೀರು ಚಿಮ್ಮಿಸಿ. ನೆನೆದ ಕಾಗದದಂತೆ ಚೂರುಗಳು ಎದ್ದು ಬಂದರೆ ಅನುಮಾನವೇ ಬೇಡ.

ಬಣ್ಣ ಮಾತ್ರ ಹೋಗಿದ್ದರೆ ಕಾಯಿರಿ. ಬೆಳಕು ತಗ್ಗಿಸಿ, ನೀರನ್ನು ನಿಧಾನವಾಗಿ 26 ಡಿಗ್ರಿ ಹತ್ತಿರ ತನ್ನಿ. ಗಾಬರಿಯಲ್ಲಿ ಐಸ್ ಸುರಿಯಬೇಡಿ.

ಮಾಂಸ ಹೋಗುತ್ತಿದ್ದರೆ ವೇಗ ನೋಡಿ. ಬುಡದಿಂದ ವಾರಗಟ್ಟಲೆ ಏರುತ್ತಿದ್ದರೆ ಆಲ್ಕಲಿನಿಟಿ (ಆಮ್ಲವನ್ನು ತಡೆಯುವ ನೀರಿನ ಶಕ್ತಿ), ಉಪ್ಪು ಅಳೆಯಿರಿ, ಕೀಟ ಹುಡುಕಿ. ನಮ್ಮ ಬೇಸಿಗೆಯಲ್ಲಿ ನೀರು ಆರಿ ಉಪ್ಪಿನಂಶ ಬೇಗ ಏರುತ್ತದೆ. ಆರಿದಷ್ಟು ಆರ್‌ಒ ನೀರು ಹಾಕಿ, ಬೋರ್‌ವೆಲ್ ನೀರು ಬೇಡವೇ ಬೇಡ. ಗಂಟೆಗಳಲ್ಲೇ ಹರಡುತ್ತಿದ್ದರೆ ಪರೀಕ್ಷೆ ಆಮೇಲೆ. ಗೆರೆಯಿಂದ ಒಂದೆರಡು ಸೆಂಟಿಮೀಟರ್ ಆಚೆ, ಚೆನ್ನಾಗಿರುವ ಕಡೆ ಕತ್ತರಿಸಿ, ಆ ಚೆನ್ನಾಗಿರುವ ತುಂಡನ್ನು ಬೇರೆ ತೊಟ್ಟಿಗೆ ಹಾಕಿ. ನಾನು ಸುಮ್ನೆ ಒಂದು ರಾತ್ರಿ ಕಾದೆ. ಬೆಳಗಾಗುವಷ್ಟರಲ್ಲಿ ಕತ್ತರಿಸೋಕೆ ಏನೂ ಉಳಿದಿರಲಿಲ್ಲ.