ರೌಟರ್‌ಗೆ ಎರಡು ಪೋರ್ಟ್ ಸೇರಿಸಲು ಹೋಗಿ ಒಂದೂವರೆ ತಿಂಗಳು ಕಳೆದ ಕಥೆ

ನಮ್ಮದು ಸಾಗರದಲ್ಲಿರುವ, ಜಂಬಿಟ್ಟಿಗೆಯ ದಪ್ಪ ಗೋಡೆಗಳ ಹಳೆಯ ಮನೆ. ಫೈಬರ್ ಕಂಪನಿಯವರು ಕೆಳಗಿನ ಹಜಾರದಲ್ಲಿ ಕೂರಿಸಿದ ರೌಟರ್‌ನ ವೈಫೈ ಮೆಟ್ಟಿಲಿನ ತಿರುವು ದಾಟುವಷ್ಟರಲ್ಲಿ ಸೊರಗಿಹೋಗುತ್ತದೆ. ಮಹಡಿಯಲ್ಲಿ ಕೂತು ಕಚೇರಿ ಕೆಲಸ ಮಾಡುವ ನನಗೂ ಪಕ್ಕದ ಕೋಣೆಯಲ್ಲಿ ಓದುವ ಮಗಳಿಗೂ ಕೇಬಲ್ ಸಂಪರ್ಕವೇ ಬೇಕಿತ್ತು. ರೌಟರ್‌ನ ಮನೆಯ ಸಾಧನಗಳಿಗೆ ಕೇಬಲ್ ಸಿಕ್ಕಿಸುವ ನಾಲ್ಕು ಲ್ಯಾನ್ ಪೋರ್ಟ್‌ಗಳಲ್ಲಿ ಮೂರು ಆಗಲೇ ತುಂಬಿದ್ದವು. ಉಳಿದ ಒಂದರಿಂದ ಮಹಡಿಗೆ ಕೇಬಲ್ ಎಳೆಸಿ, ಅಲ್ಲಿ ಅದನ್ನು ಎರಡೋ ಮೂರೋ ಮಾಡಿಕೊಳ್ಳೋಣ ಎಂದುಕೊಂಡೆ. ಇಷ್ಟು ಸಣ್ಣ ಕೆಲಸಕ್ಕೆ ಒಂದೂವರೆ ತಿಂಗಳು ಮತ್ತು ಸುಮಾರು ಆರು ಸಾವಿರ ರೂಪಾಯಿ ಹೋಯಿತು. ಅದಕ್ಕಿಂತ ನಾಚಿಕೆಯ ಸಂಗತಿಯೆಂದರೆ, ಅಷ್ಟೂ ದಿನ ನಾನು ಇಂಟರ್ನೆಟ್ ಕಂಪನಿಯವರನ್ನೇ ಬೈಯುತ್ತಿದ್ದೆ.

ಕೇಬಲ್ ಎಳೆಯುವ ಕೆಲಸವನ್ನು ಪರಿಚಯದ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿದೆ. ಮೀಟರಿಗೆ 12 ರೂಪಾಯಿಯ ಕೇಬಲ್ ತಂದು, ಗೋಡೆಯೊಳಗಿನ ಪೈಪಿನ ಮೂಲಕ ಒಂದೇ ಮಧ್ಯಾಹ್ನದಲ್ಲಿ ಮಹಡಿಗೆ ತಲುಪಿಸಿಕೊಟ್ಟರು. ಮಹಡಿಯ ತುದಿಗೆ ಮೊದಲು ನಾನು ಹಾಕಿದ್ದು 150 ರೂಪಾಯಿಯ ಸ್ಪ್ಲಿಟರ್. ಒಂದು ಕಡೆ ಒಂದು ತೂತು, ಇನ್ನೊಂದು ಕಡೆ ಎರಡು. ಎಕ್ಸ್‌ಟೆನ್ಷನ್ ಬೋರ್ಡಿನ ತರ್ಕ ಇಲ್ಲಿ ನಡೆಯುವುದಿಲ್ಲವೆಂದು ಆಗ ನನಗೆ ಗೊತ್ತಿರಲಿಲ್ಲ. ಆ ಡಬ್ಬಿಯೊಳಗೆ ಯಾವ ಸರ್ಕ್ಯೂಟೂ ಇಲ್ಲ, ತಂತಿಗೆ ತಂತಿ ಸೇರಿಸಿದ್ದಾರೆ, ಅಷ್ಟೇ. ಎರಡೂ ಕಂಪ್ಯೂಟರ್ ಒಟ್ಟಿಗೆ ಆನ್ ಆದೊಡನೆ ಎರಡಕ್ಕೂ ಸಂಪರ್ಕ ತಪ್ಪುತ್ತಿತ್ತು.

ಆಮೇಲೆ ಅಟ್ಟದ ಮೇಲಿದ್ದ ಹಳೆಯ ರೌಟರ್ ನೆನಪಾಯಿತು. ಹಿಂದಿನ ಸಂಪರ್ಕದ್ದು, ನಾಲ್ಕು ಪೋರ್ಟ್ ಇದ್ದವು, ದುಡ್ಡು ಕೊಡಬೇಕಾಗಿಲ್ಲ. ಮೇಲೆ ಬಂದ ಕೇಬಲನ್ನು ಅದರ ಲ್ಯಾನ್ ಪೋರ್ಟಿಗೆ ಸಿಕ್ಕಿಸಿದೆ, ಉಳಿದ ಪೋರ್ಟ್‌ಗಳಿಗೆ ನಮ್ಮಿಬ್ಬರ ಕಂಪ್ಯೂಟರ್‌ಗಳನ್ನು ಜೋಡಿಸಿದೆ. ಅರ್ಧ ದಿನ ಎಲ್ಲವೂ ಸರಿಯಾಗಿತ್ತು. ಸಂಜೆಯ ಹೊತ್ತಿಗೆ ಕೆಳಗಿನ ಟಿವಿಯಲ್ಲಿ ಸಂಪರ್ಕವಿದೆ, ಆದರೆ ಇಂಟರ್ನೆಟ್ ಇಲ್ಲ ಎಂದು ಬಂತು. ಟಿವಿ ಆಫ್ ಮಾಡಿ ಆನ್ ಮಾಡಿದರೆ ಅದು ಸರಿಹೋಗಿ ಹೆಂಡತಿಯ ಫೋನ್ ಕೈಕೊಟ್ಟಿತು. ಮರುದಿನ ಸಿಸಿಟಿವಿ. ಇಂಥ ಚಂಚಲ ತೊಂದರೆ ಹೊರಗಿನಿಂದಲೇ ಬರುತ್ತಿರಬೇಕು ಎಂದು ನಂಬಿ ಎರಡು ವಾರದಲ್ಲಿ ಮೂರು ದೂರು ದಾಖಲಿಸಿದೆ. ಮೂರನೆಯ ಸಲ ಬಂದ ಕಂಪನಿಯ ಹುಡುಗ ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಏನೂ ಮಾತಾಡದೆ ಮಹಡಿಗೆ ಹೋಗುವ ಕೇಬಲನ್ನು ರೌಟರ್‌ನಿಂದ ಕಿತ್ತ. ಎರಡು ನಿಮಿಷದಲ್ಲಿ ಮನೆಯ ಎಲ್ಲ ಸಾಧನಗಳೂ ಸರಿಯಾದವು. "ಸಾರ್, ಮೇಲೆ ಇನ್ನೊಂದು ರೌಟರ್ ಇಟ್ಟಿದೀರಾ?" ಎಂದು ಆತ ಕೇಳಿದಾಗ ನನ್ನ ಮುಖ ಹೇಗಿತ್ತೋ.

ಆದದ್ದು ಇಷ್ಟು. ಮನೆಯ ಪ್ರತಿ ಸಾಧನಕ್ಕೂ ಐಪಿ ವಿಳಾಸ (ಜಾಲದಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಹಂಚುವ ಕೆಲಸ ರೌಟರ್‌ನದು. ಅದಕ್ಕೆ ಡಿಎಚ್‌ಸಿಪಿ ಎನ್ನುತ್ತಾರೆ. ಒಂದೇ ಜಾಲದಲ್ಲಿ ಇಬ್ಬರು ಹಂಚುವವರು ಕೂತರೆ, ಯಾರು ಮೊದಲು ಉತ್ತರ ಕೊಡುತ್ತಾರೋ ಅವರ ಮಾತನ್ನು ಸಾಧನ ನಂಬುತ್ತದೆ. ಹಳೆಯ ರೌಟರ್‌ನ ಮಾತು ನಂಬಿದ್ದು ಇಂಟರ್ನೆಟ್ಟೇ ಇಲ್ಲದ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಸಾಲದ್ದಕ್ಕೆ ಎರಡು ರೌಟರ್‌ಗಳ ವಿಳಾಸವೂ 192.168.1.1 ಆಗಿತ್ತು. ಹಳೆಯ ರೌಟರನ್ನು ಪೋರ್ಟ್‌ಗಳಿಗಾಗಿ ಬಳಸಲೇಬೇಕೆಂದಿದ್ದರೆ, ಜಾಲಕ್ಕೆ ಸೇರಿಸುವ ಮೊದಲೇ ಒಂದು ಕಂಪ್ಯೂಟರನ್ನು ಅದೊಂದಕ್ಕೇ ಜೋಡಿಸಿ, ಅದರ ಡಿಎಚ್‌ಸಿಪಿ ನಿಲ್ಲಿಸಿ, ಮುಖ್ಯ ರೌಟರ್ ಹಂಚದ ಬೇರೊಂದು ವಿಳಾಸವನ್ನು ಅದಕ್ಕೆ ಕೊಟ್ಟಿರಬೇಕು. ಆಮೇಲೆ ಕೇಬಲನ್ನು ಲ್ಯಾನ್ ಪೋರ್ಟಿಗೇ ಹಾಕಬೇಕು. ಹೊರಗಿನ ಸಂಪರ್ಕ ಪಡೆಯುವ ವ್ಯಾನ್ ಪೋರ್ಟಿಗೆ ಹಾಕಿದರೂ ಇಂಟರ್ನೆಟ್ ಬರಬಹುದು, ನಿಜ. ಆದರೆ ಮಹಡಿಯದು ಪ್ರತ್ಯೇಕ ಜಾಲವಾಗಿ, ಕೆಳಗಿನ ಕಂಪ್ಯೂಟರ್‌ಗೆ ಮೇಲಿನ ಸಾಧನಗಳು ಕಾಣುವುದಿಲ್ಲ.

ಆ ರಗಳೆಯೇ ಬೇಡವೆಂದು, ವಿಳಾಸ ಹಂಚದೆ ಒಂದು ಕೇಬಲನ್ನು ಹಲವು ಪೋರ್ಟ್ ಮಾಡಿಕೊಡುವ ನೆಟ್‌ವರ್ಕ್ ಸ್ವಿಚ್ ಕೊಳ್ಳಲು ಹೊರಟೆ. (ಮೊದಲ ಅಂಗಡಿಯಲ್ಲಿ ಸ್ವಿಚ್ ಕೊಡಿ ಎಂದಾಗ ದೀಪದ ಸ್ವಿಚ್ಚುಗಳ ತಟ್ಟೆಯನ್ನು ಮುಂದಿಟ್ಟರು.) ಎಂಟು ಪೋರ್ಟಿನದು, 700 ರೂಪಾಯಿ. ವಿಳಾಸದ ಗೊಂದಲ ನಿಂತಿತು, ಆದರೆ 300 ಎಂಬಿಪಿಎಸ್‌ಗೆ ಹಣ ಕಟ್ಟುವ ನಮಗೆ ಮಹಡಿಯಲ್ಲಿ 94ರ ಮೇಲೆ ಒಂದು ಅಂಕಿಯೂ ಬರಲಿಲ್ಲ. ವೇಗ ಪರೀಕ್ಷೆಯಲ್ಲಿ 94, 95 ಎಂದು ಗೆರೆ ಎಳೆದಂತೆ ಅಲ್ಲೇ ನಿಂತರೆ, ಎಲ್ಲೋ ಒಂದು ಕೊಂಡಿ 100 ಎಂಬಿಪಿಎಸ್‌ನದು ಎಂದೇ ಹೆಚ್ಚುಕಡಿಮೆ ಅರ್ಥ. ಸ್ವಿಚ್ಚಿನ ಪೆಟ್ಟಿಗೆಯನ್ನು ತಿರುಗಿಸಿ ನೋಡಿದರೆ 10/100 ಎಂದು ಸ್ಪಷ್ಟವಾಗಿ ಅಚ್ಚಾಗಿತ್ತು. 10/100/1000 ಅಥವಾ ಗಿಗಾಬಿಟ್ ಎಂದಿರುವುದನ್ನು ಕೊಳ್ಳಬೇಕಿತ್ತು. ಅಂಗಡಿಯವರು ಕೇಳಲಿಲ್ಲ, ನಾನೂ ಓದಲಿಲ್ಲ. ಇನ್ನೊಂದು 1,600 ರೂಪಾಯಿ ಕೊಟ್ಟು ಗಿಗಾಬಿಟ್ ಸ್ವಿಚ್ ತಂದೆ.

ಆದರೂ 94.

ಆ ರಾತ್ರಿ ಕೇಬಲಿನ ಮಹಡಿಯ ತುದಿಯಲ್ಲಿ ಗೇಣುದ್ದ ಕತ್ತರಿಸಿ, ಮೇಲಿನ ಕವಚ ಬಿಡಿಸಿದೆ. ಎಂಟು ತಂತಿಗಳೂ ಇದ್ದವು, ಬಣ್ಣವೂ ಸರಿ ಇತ್ತು. ಕಂದು ತಂತಿಯ ಪ್ಲಾಸ್ಟಿಕ್ ಸುಲಿದು ಬ್ಲೇಡಿನಿಂದ ಮೆಲ್ಲಗೆ ಕೆರೆದೆ. ತಾಮ್ರದ ಕೆಂಪು ಪುಡಿಯಾಗಿ ಉದುರಿ ಒಳಗೆ ಬೆಳ್ಳಗಿನ ಲೋಹ ಕಾಣಿಸಿತು. ಎರಡು ಸಲ ಹಿಂದೆ ಮುಂದೆ ಬಗ್ಗಿಸಿದ್ದಕ್ಕೇ ತಂತಿ ಲಟಕ್ಕೆಂದಿತು. ಅದು ತಾಮ್ರದ ಲೇಪವಿರುವ ಅಲ್ಯೂಮಿನಿಯಂ. ಮಾರುಕಟ್ಟೆಯಲ್ಲಿ ಸಿಸಿಎ ಎನ್ನುತ್ತಾರೆ. 100 ಎಂಬಿಪಿಎಸ್ ಸಂಪರ್ಕಕ್ಕೆ ಎರಡು ಜೋಡಿ ತಂತಿ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ಗೋಡೆಯೊಳಗಿನ ಯಾವುದೋ ತಿರುವಿನಲ್ಲಿ ಒಂದು ಎಳೆ ಮುರಿದಿರಬೇಕು. ಸಾಧನಗಳು ಸದ್ದಿಲ್ಲದೆ ಕೆಳಗಿನ ವೇಗಕ್ಕೆ ಇಳಿದಿದ್ದವು. ಸಂಪರ್ಕ ಪೂರ್ತಿ ತಪ್ಪಿದ್ದರೆ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಮಹಡಿಗೆ ಬಂದ ಕೇಬಲನ್ನು ನೇರವಾಗಿ ಕಂಪ್ಯೂಟರ್‌ಗೆ ಸಿಕ್ಕಿಸಿ, ನೆಟ್‌ವರ್ಕ್ ಸೆಟ್ಟಿಂಗಿನಲ್ಲಿ ಲಿಂಕ್ ವೇಗ ಎಷ್ಟೆಂದು ಒಮ್ಮೆ ತೆರೆದು ನೋಡಿದ್ದರೂ ಸಾಕಿತ್ತು. ಕೇಬಲಿನ ಮೂಲಕವೇ ವಿದ್ಯುತ್ ಪಡೆಯುವ ಪಿಒಇ ಕ್ಯಾಮೆರಾಗಳಿಗಂತೂ ಇಂಥ ಕೇಬಲ್ ಹಾಕಲೇಬಾರದು; ಅಲ್ಯೂಮಿನಿಯಂನ ರೋಧ ತಾಮ್ರಕ್ಕಿಂತ ಹೆಚ್ಚು, ತಂತಿ ಹೆಚ್ಚು ಬಿಸಿಯಾಗುತ್ತದೆ.

ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿದೆ. "ಎಲ್ರೂ ಇದೇ ಹಾಕ್ಸೋದು ಸಾರ್" ಎಂದರು. ಅದು ಸುಳ್ಳೂ ಇರಲಿಕ್ಕಿಲ್ಲ. ಮೀಟರಿಗೆ 28 ರೂಪಾಯಿ ಕೊಟ್ಟು, ಶುದ್ಧ ತಾಮ್ರದ್ದೆಂದು ಅಂಗಡಿಯಲ್ಲೇ ಕೆರೆದು ನೋಡಿ, ಗಿಗಾಬಿಟ್‌ಗೆ ಸಾಕಾಗುವ ಕ್ಯಾಟ್ 6 ದರ್ಜೆಯ ಕೇಬಲ್ 25 ಮೀಟರ್ ತಂದೆ. ಹಳೆಯ ಕೇಬಲಿನ ತುದಿಗೆ ಹೊಸದನ್ನು ಕಟ್ಟಿ ಮೇಲಿನಿಂದ ಎಳೆದರೆ ಒಂದು ಹೊರಬರುತ್ತ ಇನ್ನೊಂದು ಒಳಹೋಗುತ್ತದೆ ಎಂಬುದು ಲೆಕ್ಕಾಚಾರ. ಕೆಳಗೆ ಮಗಳು ಹೊಸ ಕೇಬಲನ್ನು ಒಳಗೆ ಬಿಡುತ್ತಿದ್ದಳು, ಮೇಲೆ ನಾನು ಎಳೆಯುತ್ತಿದ್ದೆ. ನಾಲ್ಕೈದು ಮೀಟರ್ ಬಂದ ಮೇಲೆ ಕೈ ಹಗುರವಾಯಿತು. ಅಲ್ಯೂಮಿನಿಯಂ ಕೇಬಲ್ ಪೈಪಿನ ತಿರುವಿನಲ್ಲಿ ತುಂಡಾಗಿತ್ತು. ಉಳಿದ ತುಂಡು ಈಗಲೂ ಗೋಡೆಯೊಳಗಿದೆ. ಹೊಸ ಕೇಬಲ್ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ, ಬಿಳಿ ಕೇಸಿಂಗ್ ಪಟ್ಟಿಯೊಳಗೆ, ಬಂದವರಿಗೆಲ್ಲ ಕಾಣುವಂತೆ ಮಹಡಿ ಹತ್ತುತ್ತದೆ.