ವರ್ಷಕ್ಕೊಂದೇ ಗೇಮ್: ವೈಸ್ ಸಿಟಿನಾ, ಮಾಫಿಯಾನಾ?

ಒಂದೊಂದು ವರ್ಷ ಬಂದ ವಿಡಿಯೋ ಗೇಮ್‌ಗಳಲ್ಲಿ ಒಂದನ್ನೇ ಇಟ್ಟುಕೊಳ್ಳಬೇಕು, ಉಳಿದವನ್ನು ಬಿಡಬೇಕು. ಕೇಳೋಕೆ ಸುಲಭ, ಪಟ್ಟಿ ಬರೆಯೋಕೆ ಕೂತರೆ ತಲೆ ಕೆಡುತ್ತದೆ. ಯಾವುದಕ್ಕೆ ಪ್ರಶಸ್ತಿ ಬಂತು, ಯಾವುದು ಜಾಸ್ತಿ ಮಾರಾಟವಾಯಿತು ಅಂತ ನಾನು ನೋಡಲಿಲ್ಲ. ಪೈಪೋಟಿಯಲ್ಲಿದ್ದ ಗೇಮ್‌ಗಳನ್ನು ಮತ್ತೆ ಹಾಕಿಕೊಂಡು ಒಂದಾದ ಮೇಲೊಂದು ಆಡಿದೆ. ಮಾರನೇ ದಿನ ಕೈ ತಾನಾಗಿ ಯಾವುದರ ಕಡೆ ಹೋಯಿತೋ ಅದು ಗೆದ್ದಂತೆ. ವರ್ಷ ಅಂದರೆ ಮೊದಲ ಬಿಡುಗಡೆಯ ವರ್ಷ, ಕನ್ಸೋಲ್ ಆದರೂ ಸರಿ, ಕಂಪ್ಯೂಟರ್ ಆದರೂ ಸರಿ.

ಈ ಲೆಕ್ಕಕ್ಕೆ ಜಿಟಿಎ ವೈಸ್ ಸಿಟಿ 2002ರದ್ದು. ನಮ್ಮ ಕಂಪ್ಯೂಟರ್‌ಗಳಿಗೆ ಬಂದದ್ದು 2003ರಲ್ಲಿ. ಆದರೆ ಪ್ಲೇಸ್ಟೇಷನ್ 2ಕ್ಕೆ ಹಿಂದಿನ ಅಕ್ಟೋಬರ್‌ನಲ್ಲೇ ಬಂದಿತ್ತು. ಹಾಗಾಗಿ ಅದರ ಎದುರಾಳಿ ಮಾಫಿಯಾ. ಅದೂ 2002, ಮಾಡಿದವರು ಚೆಕ್ ದೇಶದ ಇಲ್ಯೂಷನ್ ಸಾಫ್ಟ್‌ವರ್ಕ್ಸ್.

ಎರಡರಲ್ಲೂ ಊರು, ಕಾರು, ಬಂದೂಕು, ಗ್ಯಾಂಗು. ಎರಡರಲ್ಲೂ ನಾಯಕನ ಹೆಸರು ಟಾಮಿ! ಸ್ವಭಾವ ಮಾತ್ರ ತದ್ವಿರುದ್ಧ. ವೈಸ್ ಸಿಟಿ 1986ರ ಮಯಾಮಿಯನ್ನು ನೋಡಿ ಕಟ್ಟಿದ ಊರು. ಎದುರು ದಿಕ್ಕಿನಲ್ಲಿ ಗಾಡಿ ಓಡಿಸಿದರೂ, ಸಿಗ್ನಲ್ ಹಾರಿದರೂ ಪೊಲೀಸರು ತಲೆ ಕೆಡಿಸಿಕೊಳ್ಳಲ್ಲ. ಮಾಫಿಯಾ 1930ರ ದಶಕದ್ದು. ಗಂಟೆಗೆ 40 ಮೈಲಿ ದಾಟಿ ಪೊಲೀಸರ ಕಣ್ಣಿಗೆ ಬಿದ್ದರೆ ದಂಡ. ಸಿಗ್ನಲ್ ಹಾರಿದರೂ ದಂಡ. ಗ್ಯಾಂಗ್‌ಸ್ಟರ್ ಆಗಿಯೂ ಕೆಂಪು ದೀಪಕ್ಕೆ ಕಾಯುತ್ತಾ ನಿಲ್ಲಬೇಕು. ಮೊದಮೊದಲು ರೇಗುತ್ತದೆ. ಆಮೇಲೆ ಅದೇ ಇಷ್ಟವಾಗುತ್ತದೆ, ಯಾಕಂದರೆ ಪೊಲೀಸರು ನಿಜವಾಗಿ ಬೆನ್ನು ಹತ್ತಿದಾಗ ಎದೆ ಢವಢವ ಅನ್ನುತ್ತದೆ.

ವೈಸ್ ಸಿಟಿಯನ್ನು ಬ್ರೌಸಿಂಗ್ ಸೆಂಟರ್‌ನಲ್ಲಿ ಆಡಿದವರಿಗೆ ಕಥೆ ಗೊತ್ತಿರೋದು ಕಮ್ಮಿ, ಚೀಟ್ ಕೋಡ್ ಎಲ್ಲ ಬಾಯಿಪಾಠ. ಪ್ಯಾಂಜರ್ ಅಂತ ಟೈಪ್ ಮಾಡು, ಟ್ಯಾಂಕ್ ಪ್ರತ್ಯಕ್ಷ. ಆ ಖುಷಿ ಈಗಲೂ ಇದೆ, ಅರ್ಧ ಗಂಟೆ ಮಟ್ಟಿಗೆ. ಈ ಸಲ ಚೀಟ್ ಇಲ್ಲದೆ ಕೂತೆ. ಒಂದು ಮಿಷನ್ ಕೆಟ್ಟರೆ ಟ್ಯಾಕ್ಸಿ ಹತ್ತಿ ಹಿಂದಕ್ಕೆ ಹೋಗಿ ಮೊದಲಿಂದ ಶುರು ಮಾಡಬೇಕು. ಕೀಬೋರ್ಡಿನಲ್ಲಿ ಆ ಆಟಿಕೆ ಹೆಲಿಕಾಪ್ಟರ್ ಹಾರಿಸಿ ಬಾಂಬ್ ಇಡುವ ಮಿಷನ್ ಇದೆಯಲ್ಲ, ಅದನ್ನು ಶತ್ರುವಿಗೂ ಕೊಡಬಾರದು. ಮಾಫಿಯಾ ಮಿಷನ್ ಮಧ್ಯೆ ತಾನೇ ಸೇವ್ ಮಾಡಿಕೊಳ್ಳುತ್ತದೆ. ಅದರಲ್ಲೂ ಒಂದು ಕಾರ್ ರೇಸ್ ಇದೆ, ಅದೂ ಕಣ್ಣೀರು ಹಾಕಿಸುವಂಥದ್ದೇ. ಆದರೂ ಮಾರನೇ ದಿನ ಕೈ ಹೋದದ್ದು ಮಾಫಿಯಾ ಕಡೆಗೆ. ಮುಂದೇನಾಗುತ್ತೆ ಅಂತ ಗೊತ್ತಿದ್ದರೂ ನೋಡಬೇಕು ಅನಿಸಿತು. ಗೆಳೆಯರು ಬೈಯಲಿ.

2005ಕ್ಕೆ ಇಷ್ಟು ಯೋಚಿಸಲಿಲ್ಲ. ಸಿವಿಲೈಸೇಶನ್ 4 ಸಾಮ್ರಾಜ್ಯ ಕಟ್ಟುವ ದೊಡ್ಡ ಆಟ. ಭಾರತದ ಪರವಾಗಿ ಅಶೋಕನೂ ಇದ್ದಾನೆ, ಗಾಂಧೀಜಿಯೂ ಇದ್ದಾರೆ. ಅದರ ಬಾಬಾ ಯೇತು ಹಾಡಿಗೆ 2011ರಲ್ಲಿ ಗ್ರ್ಯಾಮಿಯೂ ಬಂತು. ಆದರೆ ಅದನ್ನು ತೆರೆಯುವ ಮುಂಚೆ ನಾಳೆ ಆಫೀಸ್ ಇದೆಯಾ ಅಂತ ನೋಡಿಕೊಳ್ಳಬೇಕು. ನೀಡ್ ಫಾರ್ ಸ್ಪೀಡ್ ಮೋಸ್ಟ್ ವಾಂಟೆಡ್‌ನಲ್ಲಿ ಆ ಚಿಂತೆಯಿಲ್ಲ. ಪೆಟ್ರೋಲ್ ಬಂಕಿಗೆ ನುಗ್ಗಿ ಚಾವಣಿಯನ್ನು ಪೊಲೀಸ್ ಕಾರುಗಳ ಮೇಲೆ ಕೆಡವಿ ಪರಾರಿಯಾಗೋದು, ಅಷ್ಟೇ. ಮೋಸ್ಟ್ ವಾಂಟೆಡ್.

2017 ನಿಜಕ್ಕೂ ಕಷ್ಟ. ಹಾಲೋ ನೈಟ್ ಬಂದು ಒಂದು ವಾರಕ್ಕೆ ಜೆಲ್ಡಾ ಬ್ರೆತ್ ಆಫ್ ದ ವೈಲ್ಡ್ ಬಂತು. ಜೆಲ್ಡಾದಲ್ಲಿ ಕಣ್ಣಿಗೆ ಕಂಡ ಬೆಟ್ಟವನ್ನೆಲ್ಲ ಹತ್ತಬಹುದು. ಮಳೆ ಬಂದರೆ ಕಾಲು ಜಾರುತ್ತದೆ. ಕತ್ತಿ ಮುರಿಯೋದನ್ನು ಬೈಯುವವರು ಜಾಸ್ತಿ, ನನಗೆ ಅದು ಅಡ್ಡಿಯಾಗಲಿಲ್ಲ. ನಾನು ಹೋಲಿಸಿದ್ದು ಎರಡರ ಮ್ಯಾಪ್ ಅನ್ನು. ಜೆಲ್ಡಾದಲ್ಲಿ ಗೋಪುರ ಹತ್ತಿದರೆ ಆ ಸೀಮೆಯ ಮ್ಯಾಪ್ ಪೂರ್ತಿ ತೆರೆದುಕೊಳ್ಳುತ್ತದೆ. ಹಾಲೋ ನೈಟ್‌ನಲ್ಲಿ ಮೊದಲು ದಾರಿ ತಪ್ಪಬೇಕು. ಎಲ್ಲೋ ನೆಲದ ಮೇಲೆ ಕಾಗದದ ಹಾಳೆ ಬಿದ್ದಿರುತ್ತವೆ, ಹತ್ತಿರದಲ್ಲೇ ಯಾರೋ ಗುನುಗುವುದು ಕೇಳುತ್ತದೆ. ಅವನೇ ಕಾರ್ನಿಫರ್, ಮ್ಯಾಪ್ ಮಾರುವವನು. ಅವನು ಕೊಡೋದೂ ಅರೆಬರೆ. ಉಳಿದದ್ದನ್ನು ತುಂಬೋಕೆ ಬೇರೆ ದುಡ್ಡು ಕೊಟ್ಟು ಲೇಖನಿ ಕೊಳ್ಳಬೇಕು, ಬೆಂಚ್ ಸಿಕ್ಕಾಗ ಕೂತರೆ ಮಾತ್ರ ಹೊಸ ಜಾಗ ಸೇರುತ್ತದೆ. ನೀವು ಎಲ್ಲಿದ್ದೀರಿ ಅಂತ ತೋರಿಸೋಕೂ ಇನ್ನೊಂದು ಸಾಮಾನು ಬೇಕು. ಶುದ್ಧ ಕಾಟ, ಅಲ್ವಾ? ಆದರೆ ಜೆಲ್ಡಾದ ಊರುಗಳ ದಾರಿ ನನಗೆ ಮರೆತಿದೆ, ಹಾಲೋ ನೈಟ್‌ನಲ್ಲಿ ಕಣ್ಣು ಮುಚ್ಚಿ ನಡೆಯಬಲ್ಲೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಹಳೇ ಲ್ಯಾಪ್‌ಟಾಪಿನಲ್ಲೂ ಅದು ಓಡುತ್ತದೆ. ನನ್ನ ಆಯ್ಕೆ ಅದೇ.

2018ರಲ್ಲಿ ಪಬ್ಜಿ ಮೊಬೈಲ್ ಬಂತು. ಆಡಿದ ಹೊತ್ತನ್ನೇ ನೋಡಿದರೆ ಅದನ್ನು ಮೀರಿಸುವುದು ಬೇರೊಂದಿಲ್ಲ. ಆದರೆ ನನ್ನ ಪರೀಕ್ಷೆಗೆ ಅದು ಸಿಗಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಇಲ್ಲಿ ನಿಷೇಧವಾಯಿತು. 2021ರಲ್ಲಿ ಬಿಜಿಎಂಐ ಅನ್ನೋ ಹೊಸ ಹೆಸರಲ್ಲಿ ಮರಳುವ ಹೊತ್ತಿಗೆ ನಮ್ಮ ತಂಡದ ಒಬ್ಬನಿಗೆ ಮಗುವಾಗಿತ್ತು, ಇನ್ನೊಬ್ಬನಿಗೆ ನೈಟ್ ಶಿಫ್ಟ್. ಒಬ್ಬನೇ ಆಡಿದರೆ ಅದು ಬೇರೆಯೇ ಗೇಮ್. ಎದುರಿಗಿದ್ದದ್ದು ಸೆಲೆಸ್ಟ್: ಒಂದು ಹುಡುಗಿ, ಒಂದು ಬೆಟ್ಟ. ಸತ್ತ ಕ್ಷಣವೇ ಮತ್ತೆ ಶುರು, ಬೇಜಾರಾಗೋಕೂ ಪುರಸೊತ್ತು ಕೊಡಲ್ಲ. 2018 ಸೆಲೆಸ್ಟ್‌ಗೆ. ಪಬ್ಜಿಗೆ ಬೇರೆಯೇ ಪಟ್ಟಿ ಬೇಕು.

2004ರ ಜಾಗ ಇನ್ನೂ ಖಾಲಿ. ಹಾಫ್-ಲೈಫ್ 2, ಜಿಟಿಎ ಸ್ಯಾನ್ ಆಂಡ್ರಿಯಾಸ್ ಎರಡನ್ನೂ ಹಾಕಿಟ್ಟಿದ್ದೇನೆ, ಸದ್ಯಕ್ಕೆ ಹಾಫ್-ಲೈಫ್ ಒಂದು ಹೆಜ್ಜೆ ಮುಂದಿದೆ.